ವ್ಯಾಯಾಮದಲ್ಲಾಗುವ ಪೆಟ್ಟು ಮತ್ತು ಮನಸ್ಸಿನ ಆರೋಗ್ಯ: ಪದೇ ಪದೇ ಕೇಳುವ ಪ್ರಶ್ನೆಗಳು

ಬೆಳಗಿನ ಓಟ, ಜಿಮ್, ಯೋಗ, ಬ್ಯಾಡ್ಮಿಂಟನ್, ವಾರಾಂತ್ಯದ ಕ್ರಿಕೆಟ್ ಅಥವಾ ನೇಮಕಾತಿಯ ದೈಹಿಕ ಪರೀಕ್ಷೆಯ ತಯಾರಿ, ಇವುಗಳಲ್ಲಿ ಯಾವುದರಿಂದಲಾದರೂ ಪೆಟ್ಟು ಮಾಡಿಕೊಂಡು ಮನೆಯಲ್ಲಿ ಕುಳಿತವರು ಮತ್ತು ಅವರ ಮನೆಯವರು ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಕೊಡಲಾಗಿದೆ. ಮೂಳೆ, ಸ್ನಾಯು, ಲಿಗಮೆಂಟುಗಳ (ಮೂಳೆಗಳನ್ನು ಜೋಡಿಸುವ ಪಟ್ಟಿಗಳ) ಚಿಕಿತ್ಸೆಯ ವಿವರ ಎಲ್ಲೆಡೆ ಸಿಗುತ್ತದೆ. ಆ ವಾರಗಳಲ್ಲಿ ಮನಸ್ಸಿಗೆ ಏನಾಗುತ್ತದೆ ಎಂಬುದನ್ನು ಹೇಳುವವರು ಕಡಿಮೆಯಾದ್ದರಿಂದ ಒತ್ತು ಅದಕ್ಕೇ ಇದೆ. ಇದು ವೈದ್ಯರ ತಪಾಸಣೆಗೆ ಬದಲಿಯಲ್ಲ.

ಪೆಟ್ಟಾಗಿರುವುದು ಕಾಲಿಗೆ. ಮನಸ್ಸೇಕೆ ಇಷ್ಟು ಕುಗ್ಗುತ್ತದೆ?

ಕಾರಣಗಳು ಹಲವು, ಮತ್ತು ಅವೆಲ್ಲ ಒಟ್ಟಿಗೇ ಬರುತ್ತವೆ ಎಂಬುದೇ ತೊಂದರೆ. ನಿತ್ಯ ವ್ಯಾಯಾಮ ಮಾಡುವವರ ದೇಹ ಅದಕ್ಕೆ ಒಗ್ಗಿಹೋಗಿರುತ್ತದೆ. ಓಟದ ನಂತರದ ಹಿತವಾದ ಭಾವಕ್ಕೆ ಎಂಡಾರ್ಫಿನ್ ಕಾರಣವೆಂದು ಬಹುಕಾಲ ಹೇಳಲಾಗುತ್ತಿತ್ತು. ಈಗ ದೇಹವೇ ತಯಾರಿಸಿಕೊಳ್ಳುವ ಎಂಡೋಕ್ಯಾನಬಿನಾಯ್ಡ್ ಎಂಬ ರಾಸಾಯನಿಕಗಳ ಪಾತ್ರವೂ ದೊಡ್ಡದೆಂದು ತಿಳಿದುಬಂದಿದೆ. ವ್ಯಾಯಾಮ ಏಕಾಏಕಿ ನಿಂತಾಗ ನಿದ್ದೆ ಕೆಡುತ್ತದೆ, ಸಿಡುಕು ಹೆಚ್ಚುತ್ತದೆ, ಏನೂ ಮಾಡದೆಯೂ ಆಯಾಸವಾಗುತ್ತದೆ. ಫ್ರೆಡರಿಕ್ ಬೇಕ್‌ಲ್ಯಾಂಡ್ ಎಂಬ ಅಮೆರಿಕದ ಸಂಶೋಧಕರು 1970ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಈ ವಿಷಯದಲ್ಲಿ ಇಂದಿಗೂ ಉಲ್ಲೇಖಗೊಳ್ಳುತ್ತದೆ. ಒಂದು ತಿಂಗಳು ವ್ಯಾಯಾಮ ಬಿಡಿಸಿ ನಿದ್ದೆಯನ್ನು ಪರೀಕ್ಷಿಸಬೇಕೆಂದಿದ್ದ ಅವರಿಗೆ, ವಾರದಲ್ಲಿ ಐದಾರು ದಿನ ವ್ಯಾಯಾಮ ಮಾಡುವವರು ಹಣ ಕೊಡುತ್ತೇನೆಂದರೂ ಸಿಗಲಿಲ್ಲ. ಕೊನೆಗೆ ಮೂರು ನಾಲ್ಕು ದಿನ ಮಾಡುವವರನ್ನು ಒಪ್ಪಿಸಬೇಕಾಯಿತು. ಅವರ ನಿದ್ದೆಯೂ ಕೆಟ್ಟಿತು, ಆತಂಕವೂ ಹೆಚ್ಚಿತು.

ಇದರ ಮೇಲೆ ನೋವು ಬೇರೆ. ನೋವು ರಾತ್ರಿಯ ನಿದ್ದೆಯನ್ನು ಕದಿಯುತ್ತದೆ, ನಿದ್ದೆಗೆಟ್ಟ ದೇಹಕ್ಕೆ ಮರುದಿನ ಅದೇ ನೋವು ಇನ್ನೂ ತೀಕ್ಷ್ಣವಾಗಿ ಕಾಣುತ್ತದೆ. ಕೊನೆಯದಾಗಿ, ಲೆಕ್ಕಕ್ಕೆ ಬಾರದ ನಷ್ಟವೊಂದಿದೆ. ಬೆಳಿಗ್ಗೆ ಐದೂವರೆಗೆ ಎದ್ದು, ಜೊತೆಯವರೊಂದಿಗೆ ಓಡಿ, ದರ್ಶಿನಿಯ ಮುಂದೆ ಬೆವರಿನ ಬಟ್ಟೆಯಲ್ಲೇ ನಿಂತು ಅರ್ಧ ಲೋಟ ಕಾಫಿ ಕುಡಿಯುತ್ತ ಹರಟುವ ಆ ಇಪ್ಪತ್ತು ನಿಮಿಷ ಅನೇಕರಿಗೆ ದಿನದ ಏಕೈಕ ಸ್ನೇಹಕೂಟವಾಗಿರುತ್ತದೆ. ಪೆಟ್ಟಾದಾಗ ಓಟದ ಜೊತೆಗೆ ಅದೂ ಹೋಗುತ್ತದೆ.

ಎಷ್ಟು ದಿನದ ಬೇಸರ ಸಹಜ? ಯಾವಾಗ ಅದನ್ನು ಖಿನ್ನತೆ ಎನ್ನಬೇಕು?

ಮೊದಲ ಕೆಲವು ದಿನ ಅಳು, ಕೋಪ, ‘ನನಗೇ ಏಕೆ ಹೀಗಾಯಿತು’ ಎಂಬ ಹಳಹಳಿಕೆ ಎಲ್ಲವೂ ಸಹಜ. ಗಮನಿಸಬೇಕಾದುದು ಎರಡು ವಾರಗಳ ಗಡಿಯನ್ನು. ದಿನದ ಬಹುಪಾಲು ಮಂಕುತನ, ಮೊದಲು ಇಷ್ಟವಾಗುತ್ತಿದ್ದ ಯಾವುದರಲ್ಲೂ ಆಸಕ್ತಿ ಇಲ್ಲದಿರುವುದು, ಊಟ ನಿದ್ದೆಗಳಲ್ಲಿ ಏರುಪೇರು, ತಾನು ಯಾವುದಕ್ಕೂ ಬಾರದವನು ಅಥವಾ ಬಾರದವಳು ಎಂಬ ಭಾವನೆ ಎರಡು ವಾರ ಬಿಡದೆ ಕಾಡಿದರೆ ಅದು ವೈದ್ಯರ ಗಮನಕ್ಕೆ ಬರಬೇಕಾದ ಸ್ಥಿತಿ. ಇದನ್ನು ಅಳೆಯಲು ವೈದ್ಯರು ಬಳಸುವ ‘ಪಿಎಚ್‌ಕ್ಯೂ-9’ ಎಂಬ ಪ್ರಶ್ನಾವಳಿಯಲ್ಲಿ ಒಂಬತ್ತು ಪ್ರಶ್ನೆಗಳಿದ್ದು, ಒಟ್ಟು 27 ಅಂಕಗಳಲ್ಲಿ 10 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಮುಂದಿನ ತಪಾಸಣೆ ಅಗತ್ಯವೆಂದು ಪರಿಗಣಿಸಲಾಗುತ್ತದೆ. ಆಯಾಸ, ನಿದ್ದೆಗೇಡು, ಹಸಿವಿನ ವ್ಯತ್ಯಾಸಗಳನ್ನು ಪೆಟ್ಟು ಮತ್ತು ಮಾತ್ರೆಗಳೂ ತರಬಲ್ಲವಾದ್ದರಿಂದ ಅಂಕವನ್ನು ಓದುವ ಕೆಲಸ ವೈದ್ಯರಿಗೇ ಇರಲಿ.

ಸಾಯಬೇಕೆನ್ನುವ ಅಥವಾ ತನಗೆ ತಾನೇ ಹಾನಿ ಮಾಡಿಕೊಳ್ಳಬೇಕೆನ್ನುವ ಯೋಚನೆ ಒಮ್ಮೆ ಬಂದರೂ ಎರಡು ವಾರದ ಲೆಕ್ಕ ಬೇಡ. ಅಂದೇ ಯಾರಿಗಾದರೂ ಹೇಳಬೇಕು. ಟೆಲಿ ಮಾನಸ್ ಸಹಾಯವಾಣಿ 14416, ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲಿಯೂ ಮಾತನಾಡಬಹುದು.

ಡಾಕ್ಟರು ‘ರೆಸ್ಟ್ ಮಾಡಿ’ ಎಂದಷ್ಟೇ ಹೇಳಿದ್ದಾರೆ. ಅಷ್ಟು ಸಾಕಲ್ಲವೇ?

ಸಾಲದು. ಮೂಳೆಗೆ ಬೇಕಾದ ವಿಶ್ರಾಂತಿಯನ್ನು ಇಡೀ ಮನುಷ್ಯನಿಗೆ ಅನ್ವಯಿಸಿಬಿಡುವುದರಿಂದ ಆಗುವ ಮಾನಸಿಕ ಹಾನಿ, ಅನೇಕ ವೇಳೆ ಮೂಲ ಪೆಟ್ಟಿನಿಂದ ಆಗುವುದಕ್ಕಿಂತ ದೊಡ್ಡದು ಎಂಬುದು ಈ ಪುಟದ ಸ್ಪಷ್ಟ ನಿಲುವು. ಹೊರರೋಗಿ ವಿಭಾಗದಲ್ಲಿ ವೈದ್ಯರಿಗೆ ಸಿಗುವ ಸಮಯ ಕೆಲವೇ ನಿಮಿಷವಾದ್ದರಿಂದ ಚೀಟಿಯಲ್ಲಿ ನೋವಿನ ಮಾತ್ರೆ, ಗ್ಯಾಸ್ಟ್ರಿಕ್ ಮಾತ್ರೆ, ಕೆಳಗೆ ‘ರೆಸ್ಟ್ 3 ವಾರ’ ಎಂದಿರುತ್ತದೆ. ಅದನ್ನು ಹಿಡಿದು ಮನೆಗೆ ಬಂದವರು ಮಂಚದ ಮೇಲೆ ಕಾಲು ಚಾಚಿ ಕುಳಿತು, ಮೂರು ವಾರದ ನಂತರ ಏನು ಎಂಬುದು ಗೊತ್ತಿಲ್ಲದೆ, ಮೊಬೈಲಿನಲ್ಲಿ ತಮ್ಮ ಪೆಟ್ಟಿನ ಹೆಸರನ್ನು ಹುಡುಕುತ್ತ ರಾತ್ರಿ ಒಂದು ಗಂಟೆಯವರೆಗೆ ಎಚ್ಚರವಾಗಿರುತ್ತಾರೆ.

ಮೂಳೆ ತಜ್ಞರನ್ನೋ ಫಿಸಿಯೋಥೆರಪಿಸ್ಟರನ್ನೋ ಬಿಟ್ಟು ಏಳುವ ಮೊದಲು ಕೆಲವು ಸಂಗತಿಗಳನ್ನು ಕೇಳಿ ಬರೆದುಕೊಳ್ಳಬೇಕು: ವಿಶ್ರಾಂತಿ ಬೇಕಾಗಿರುವುದು ನಿಖರವಾಗಿ ಯಾವ ಭಾಗಕ್ಕೆ, ಯಾವ ಚಲನೆಗೆ, ಆ ಅವಧಿಯಲ್ಲಿ ಏನೇನು ಮಾಡಬಹುದು, ಎಷ್ಟು ನೋವು ಬಂದರೆ ನಿಲ್ಲಿಸಬೇಕು, ಏನನ್ನು ಮಾಡಲು ಸಾಧ್ಯವಾದರೆ ಮುಂದಿನ ಹಂತಕ್ಕೆ ಹೋಗಬಹುದು. ಉದಾಹರಣೆಗೆ, ಪಾದದ ಹರಡು ಉಳುಕಿದವರಿಗೆ ‘ರೆಸ್ಟ್’ ಎನ್ನುವ ಬದಲು, ‘ಓಟ ಬೇಡ, ಸಮತಟ್ಟಾದ ನೆಲದಲ್ಲಿ ನೋವು ಹತ್ತರಲ್ಲಿ ಮೂರನ್ನು ಮೀರದಷ್ಟು ನಡೆಯಿರಿ, ಕುಳಿತು ಮಾಡುವ ಕೈ ಮತ್ತು ಹೆಗಲಿನ ವ್ಯಾಯಾಮವೆಲ್ಲ ಮಾಡಿ, ಒಂಟಿಕಾಲಿನಲ್ಲಿ ಅರ್ಧ ನಿಮಿಷ ಅಲುಗದೆ ನಿಲ್ಲಲು ಬಂದಾಗ ಫೋನ್ ಮಾಡಿ’ ಎಂದರೆ ಪೆಟ್ಟು ಅದೇ ಆದರೂ ರೋಗಿಯ ದಿನ ಬೇರೆಯಾಗುತ್ತದೆ. ನಾಳೆ ಏನು ಎಂಬುದು ಗೊತ್ತಿರುವವನ ಆತಂಕ ಅರ್ಧಕ್ಕೆ ಇಳಿದಿರುತ್ತದೆ.

ವಿಶ್ರಾಂತಿಯ ಬಗ್ಗೆ ವೈದ್ಯಶಾಸ್ತ್ರದ ನಿಲುವೂ ಬದಲಾಗಿದೆ. ವಿಶ್ರಾಂತಿ, ಮಂಜುಗಡ್ಡೆ, ಬಿಗಿಪಟ್ಟಿ, ಕಾಲು ಎತ್ತರಿಸಿ ಇಡುವುದು ಎಂಬ ಸೂತ್ರವನ್ನು 1978ರಲ್ಲಿ ಜನಪ್ರಿಯಗೊಳಿಸಿದ ಅಮೆರಿಕದ ವೈದ್ಯ ಗೇಬ್ ಮಿರ್ಕಿನ್ ಅವರೇ, ಸಂಪೂರ್ಣ ವಿಶ್ರಾಂತಿ ಮತ್ತು ಮಂಜುಗಡ್ಡೆ ಗುಣವಾಗುವುದನ್ನು ನಿಧಾನಗೊಳಿಸಬಹುದೆಂದು ಮುಂದೆ ಬರೆದರು. ಮೃದು ಅಂಗಾಂಶಗಳ ಪೆಟ್ಟಿಗೆಂದು 2019ರಲ್ಲಿ ಪ್ರಕಟವಾದ, ‘PEACE & LOVE’ ಎಂಬ ಪದಗಳ ಒಂದೊಂದು ಅಕ್ಷರಕ್ಕೆ ಒಂದೊಂದು ಸಲಹೆಯಿರುವ ಹೊಸ ಸೂತ್ರದಲ್ಲಿ ಹಂತಹಂತವಾಗಿ ಭಾರ ಹೊರಿಸುವುದು, ರಕ್ತಸಂಚಾರ ಹೆಚ್ಚಿಸುವ ಲಘು ವ್ಯಾಯಾಮ ಇವುಗಳ ಜೊತೆಗೆ ಆಶಾಭಾವನೆಗೂ ಒಂದು ಅಕ್ಷರ ಮೀಸಲಾಗಿದೆ. ಕಾಲಿನ ಚಿಕಿತ್ಸೆಯ ಸೂತ್ರದೊಳಕ್ಕೆ ಮನಸ್ಸು ಅಧಿಕೃತವಾಗಿಯೇ ಬಂದಿದೆ ಎನ್ನಬಹುದು.

ಯಾವ ಪೆಟ್ಟುಗಳು ಮನಸ್ಸನ್ನು ಹೆಚ್ಚು ಕಾಡುತ್ತವೆ?

ಹೊರಗೆ ಕಾಣದವು ಮತ್ತು ಬೇಗ ಮುಗಿಯದವು. ಕಾಲಿಗೆ ಪ್ಲಾಸ್ಟರ್ ಇದ್ದರೆ ಬಸ್ಸಿನಲ್ಲಿ ಸೀಟು ಬಿಟ್ಟುಕೊಡುತ್ತಾರೆ, ನೆಂಟರು ಹಣ್ಣು ತರುತ್ತಾರೆ. ಮುಂಗಾಲಿನ (ಮೊಣಕಾಲಿನ ಕೆಳಗಿನ) ಮೂಳೆಯಲ್ಲಿ ಕೂದಲೆಳೆಯ ಬಿರುಕು, ಅಂದರೆ ಸ್ಟ್ರೆಸ್ ಫ್ರಾಕ್ಚರ್, ಆದವರಿಗೆ ಇದ್ಯಾವುದೂ ಇಲ್ಲ. ಮೊದಲ ಎರಡು ಮೂರು ವಾರ ಅದು ಎಕ್ಸ್‌-ರೇಯಲ್ಲಿಯೂ ಕಾಣದಿರಬಹುದಾದ್ದರಿಂದ ‘ಏನೂ ಆಗಿಲ್ಲ, ಸೋಮಾರಿತನ’ ಎಂಬ ಮಾತೂ ಕೇಳಬೇಕಾಗುತ್ತದೆ. ಮೊಣಕಾಲಿನ ಎಸಿಎಲ್ ಲಿಗಮೆಂಟ್ ಹರಿದು ಶಸ್ತ್ರಚಿಕಿತ್ಸೆಯಾದವರು ಮೈದಾನಕ್ಕೆ ಮರಳಲು ಒಂಬತ್ತು ತಿಂಗಳಾದರೂ ಬೇಕು. ಮೊದಲ ತಿಂಗಳಿಗಿಂತ, ಎಲ್ಲರೂ ಮರೆತುಬಿಟ್ಟ ನಾಲ್ಕನೆಯ ಐದನೆಯ ತಿಂಗಳುಗಳೇ ಅವರಿಗೆ ಕಠಿಣ.

ತಲೆಗೆ ಪೆಟ್ಟಾದವರ ವಿಷಯವನ್ನು ಇವೆಲ್ಲದರಿಂದ ಪ್ರತ್ಯೇಕವಾಗಿಡಬೇಕು. ಸೈಕಲ್‌ನಿಂದ ಬಿದ್ದೋ ಫುಟ್‌ಬಾಲ್ ಆಡುವಾಗ ಡಿಕ್ಕಿಯಾಗಿಯೋ ತಲೆಗೆ ಏಟಾದ ನಂತರ ಸಿಡುಕು, ಮಂಕು, ಗಮನ ನಿಲ್ಲದಿರುವುದು ಕಂಡುಬಂದರೆ ಅದು ಬೇಸರವಲ್ಲ, ಮಿದುಳಿಗಾದ ಪೆಟ್ಟಿನ ಲಕ್ಷಣವೇ ಇರಬಹುದು. ಅದಕ್ಕೆ ತಡಮಾಡದೆ ವೈದ್ಯರ ತಪಾಸಣೆ ಬೇಕು.

ಎಂಆರ್‌ಐ ವರದಿ ಓದಿದಾಗಿನಿಂದ ಹೆದರಿಕೆ ಹೆಚ್ಚಾಗಿದೆ. ಏನು ಮಾಡಲಿ?

ಡೆಡ್‌ಲಿಫ್ಟ್ (ನೆಲದಿಂದ ಭಾರ ಎತ್ತುವ ವ್ಯಾಯಾಮ) ಮಾಡುವಾಗ ಸೊಂಟ ಹಿಡಿದುಕೊಂಡವರಲ್ಲಿ ಇದು ತೀರ ಸಾಮಾನ್ಯ. ವರದಿಯಲ್ಲಿ ‘ಡಿಸ್ಕ್ ಬಲ್ಜ್’ (ಬೆನ್ನೆಲುಬಿನ ಮೂಳೆಗಳ ನಡುವಿನ ಮೆತ್ತೆ ಉಬ್ಬಿರುವುದು), ‘ಡಿಜನರೇಶನ್’ (ಸವೆತ), ‘ಟಿಯರ್’ (ಹರಿದಿರುವುದು) ಎಂಬ ಪದಗಳು ಎಲ್4-ಎಲ್5 ಎಂಬ ಸಂಖ್ಯೆಗಳ ಪಕ್ಕದಲ್ಲಿ ಕುಳಿತಿರುತ್ತವೆ. ಓದಿದವರು ಬೆನ್ನೆಲುಬೇ ಸವೆದುಹೋಯಿತೆಂದು ತಿಳಿದು ಬಿಂದಿಗೆ ಎತ್ತಲು, ಮಗುವನ್ನು ಎತ್ತಿಕೊಳ್ಳಲು, ಬಗ್ಗಿ ಚಪ್ಪಲಿ ಹಾಕಿಕೊಳ್ಳಲು ಸಹ ಹೆದರತೊಡಗುತ್ತಾರೆ.

ಸೊಂಟ ನೋವೇ ಇಲ್ಲದ ಮೂರು ಸಾವಿರಕ್ಕೂ ಹೆಚ್ಚು ಜನರ ಸ್ಕ್ಯಾನ್‌ಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ 2015ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯಂತೆ, ಇಪ್ಪತ್ತರ ವಯಸ್ಸಿನಲ್ಲಿಯೇ ನೂರಕ್ಕೆ ಸುಮಾರು 30 ಜನರಲ್ಲಿ, ಐವತ್ತರ ಹೊತ್ತಿಗೆ ಸುಮಾರು 60 ಜನರಲ್ಲಿ ಡಿಸ್ಕ್ ಬಲ್ಜ್ ಕಾಣುತ್ತದೆ. ಅಂದರೆ ಪಕ್ಕದ ಮನೆಯ, ಯಾವ ನೋವೂ ಇಲ್ಲದ ನಡುವಯಸ್ಸಿನವರನ್ನು ಸ್ಕ್ಯಾನ್ ಮಾಡಿದರೂ ಅದೇ ಪದ ಬರುವ ಸಾಧ್ಯತೆ ಹೆಚ್ಚು. ವರದಿಯಲ್ಲಿ ಇರುವುದೆಲ್ಲ ನೋವಿನ ಕಾರಣವಲ್ಲ. ಯಾವುದು ಕಾರಣ ಎಂಬುದನ್ನು ವೈದ್ಯರು ನಿಮ್ಮನ್ನು ಮುಟ್ಟಿ, ನಡೆಸಿ, ಬಗ್ಗಿಸಿ ನೋಡಿಯೇ ಹೇಳಬೇಕು. ಆದರೆ ಕಾಲುಗಳಲ್ಲಿ ಬಲ ಕುಂದುವುದು, ಮೂತ್ರ ಅಥವಾ ಮಲದ ಮೇಲೆ ಹಿಡಿತ ತಪ್ಪುವುದು, ಗುದದ್ವಾರದ ಸುತ್ತ ಸ್ಪರ್ಶ ತಿಳಿಯದಿರುವುದು, ಇವುಗಳಲ್ಲಿ ಒಂದು ಕಂಡರೂ ಕೂಡಲೇ ಆಸ್ಪತ್ರೆಗೆ ಹೋಗಬೇಕು.

ಪೊಲೀಸ್ ನೇಮಕಾತಿಗೆ ಓಡುತ್ತಿದ್ದೆ, ಕಾಲು ನೋವಾಗಿ ನಿಂತುಹೋಗಿದೆ. ನನಗಿದು ಹವ್ಯಾಸವಲ್ಲ, ಜೀವನದ ಪ್ರಶ್ನೆ.

ಈ ಪ್ರಶ್ನೆಗೆ ಸಿಗಬೇಕಾದಷ್ಟು ಗಮನ ಎಲ್ಲಿಯೂ ಸಿಗುತ್ತಿಲ್ಲ. ವ್ಯಾಯಾಮದ ಪೆಟ್ಟು ಎಂದೊಡನೆ ದುಬಾರಿ ಬೂಟು ತೊಟ್ಟ ಬೆಂಗಳೂರಿನ ಓಟಗಾರರ ಚಿತ್ರವೇ ಕಣ್ಣಿಗೆ ಬರುತ್ತದೆ. ಧಾರವಾಡ, ವಿಜಯಪುರ, ಕಲಬುರಗಿಗಳಲ್ಲಿ ಬಾಡಿಗೆ ಕೋಣೆಯಲ್ಲಿದ್ದುಕೊಂಡು, ಹಗಲು ಕೋಚಿಂಗ್ ಸೆಂಟರ್, ನಸುಕಿನಲ್ಲಿ ಕಾಲೇಜು ಮೈದಾನ ಎಂದು ದುಡಿಯುವ ಅಭ್ಯರ್ಥಿಗಳೂ ಅಷ್ಟೇ ಪೆಟ್ಟು ಮಾಡಿಕೊಳ್ಳುತ್ತಾರೆ. ಕಾನ್‌ಸ್ಟೆಬಲ್ ಹುದ್ದೆಯ ದೈಹಿಕ ಪರೀಕ್ಷೆಯಲ್ಲಿ ಪುರುಷರು 1600 ಮೀಟರನ್ನು 6 ನಿಮಿಷ 30 ಸೆಕೆಂಡುಗಳಲ್ಲಿ, ಮಹಿಳೆಯರು 400 ಮೀಟರನ್ನು 2 ನಿಮಿಷದಲ್ಲಿ ಓಡಬೇಕೆಂಬುದು ಹಿಂದಿನ ಅಧಿಸೂಚನೆಗಳಲ್ಲಿದ್ದ ನಿಯಮ. ವರ್ಷಗಟ್ಟಲೆ ಕುಳಿತು ಓದಿದವರು ಲಿಖಿತ ಪರೀಕ್ಷೆಯ ನಂತರ, ಕೈಯಲ್ಲಿ ಕೆಲವೇ ವಾರವಿರುವಾಗ, ಗಟ್ಟಿ ನೆಲದ ಮೇಲೆ ದಿನವೂ ಗಡಿಯಾರ ಹಿಡಿದು ಓಡಲು ಶುರುಮಾಡುತ್ತಾರೆ. ಸ್ನಾಯುಗಳಿಗೂ ಉಸಿರಿಗೂ ಬೇಗ ಬಲ ಬರುತ್ತದೆ, ಮೂಳೆಗೆ ಬರುವುದಿಲ್ಲ. ಹೊಸ ಭಾರಕ್ಕೆ ಮೂಳೆ ತನ್ನ ಹಳೆಯ ಭಾಗವನ್ನು ಕರಗಿಸಿ ಹೊಸದನ್ನು ಕಟ್ಟಿಕೊಳ್ಳುವ ಕೆಲಸದಲ್ಲಿರುವಾಗಲೇ ಮತ್ತೆ ಮತ್ತೆ ಪೆಟ್ಟು ಬಿದ್ದರೆ ಬಿರುಕು ಮೂಡುತ್ತದೆ.

ಮುಂಗಾಲಿನ ಮೂಳೆಯ ಉದ್ದಕ್ಕೂ ಹರಡಿದ ನೋವಿದ್ದು ಓಡುತ್ತ ಓಡುತ್ತ ಕಡಿಮೆಯಾದರೆ ಅದು ಸಾಮಾನ್ಯವಾಗಿ ಶಿನ್ ಸ್ಪ್ಲಿಂಟ್, ಅಂದರೆ ಮೂಳೆ ಬಿರುಕಿಲ್ಲದ ಓಟದ ನೋವು. ಒಂದೇ ಬೆರಳಿನಿಂದ ತೋರಿಸಬಹುದಾದ ಜಾಗದಲ್ಲಿ ನೋವಿದ್ದು, ಓಡಿದಷ್ಟೂ ಹೆಚ್ಚುತ್ತ, ರಾತ್ರಿ ಮಲಗಿದಾಗಲೂ ಇದ್ದರೆ ಬಿರುಕನ್ನು ಶಂಕಿಸಬೇಕು. ಮುಂಗಾಲಿನ ಮೂಳೆಯ ಒಳಬದಿಯ ಬಿರುಕು ಸಾಮಾನ್ಯವಾಗಿ ಆರರಿಂದ ಎಂಟು ವಾರದಲ್ಲಿ ಕೂಡಿಕೊಳ್ಳುತ್ತದೆ. ಅದೇ ಮೂಳೆಯ ಮುಂಬದಿಯಲ್ಲಾದರೆ ಹೆಚ್ಚು ಕಾಲ ಬೇಕು. ತೊಡೆಸಂದಿಯ ನೋವನ್ನಂತೂ ಯಾರೂ ನಿರ್ಲಕ್ಷಿಸಬಾರದು. ತೊಡೆಮೂಳೆಯ ಕತ್ತಿನಲ್ಲಿ ಬಿರುಕಿದ್ದಾಗ ಓಡಿದರೆ ಮೂಳೆ ಪೂರ್ತಿ ಮುರಿದು ಶಸ್ತ್ರಚಿಕಿತ್ಸೆಗೆ ಹೋಗುವ ಅಪಾಯವಿದೆ.

ಮನಸ್ಸಿನ ವಿಷಯಕ್ಕೆ ಬಂದರೆ, ಇಲ್ಲಿ ಬರಿಯ ಸಮಾಧಾನದ ಮಾತು ಕೆಲಸಕ್ಕೆ ಬಾರದು. ವಯೋಮಿತಿ ಮುಗಿಯುತ್ತಿರುವವರಿಗೆ, ಊರಿನಿಂದ ತಿಂಗಳ ಖರ್ಚು ತರಿಸಿಕೊಳ್ಳುತ್ತಿರುವವರಿಗೆ ಆತಂಕ ಸಕಾರಣವಾಗಿಯೇ ಇರುತ್ತದೆ. ಉಪಯೋಗವಾಗುವುದು ದಿನಾಂಕ ಹಾಕಿದ ಯೋಜನೆ: ಪರೀಕ್ಷೆಗೆ ಎಷ್ಟು ವಾರವಿದೆ, ಮೂಳೆಗೆ ಎಷ್ಟು ಬೇಕು, ಎರಡೂ ಹೊಂದುತ್ತವೆಯೇ ಎಂಬುದನ್ನು ವೈದ್ಯರೊಡನೆ ಕುಳಿತು ಲೆಕ್ಕ ಹಾಕಬೇಕು. ಹೊಂದದಿದ್ದರೆ ಈ ಬಾರಿಯ ಓಟವನ್ನು ಬಿಟ್ಟು ಮುಂದಿನ ಅಧಿಸೂಚನೆಗೆ, ಅಥವಾ ದೈಹಿಕ ಪರೀಕ್ಷೆ ಇಲ್ಲದ ಬೇರೆ ಹುದ್ದೆಗಳಿಗೆ, ಓದನ್ನು ಮುಂದುವರಿಸುವ ನಿರ್ಧಾರವನ್ನು ಮನೆಯವರಿಗೂ ತಿಳಿಸಿ ತೆಗೆದುಕೊಳ್ಳುವುದು ಒಳ್ಳೆಯದು. ಕೋಣೆಯ ಗೆಳೆಯರಿಂದಲೂ ಮನೆಯಿಂದಲೂ ನೋವನ್ನು ಮುಚ್ಚಿಟ್ಟು, ಪರೀಕ್ಷೆಯ ದಿನ ಇಂಜೆಕ್ಷನ್ ತೆಗೆದುಕೊಂಡು ಓಡುತ್ತೇನೆಂಬ ಯೋಚನೆ ದೇಹಕ್ಕೂ ಮನಸ್ಸಿಗೂ ಅತಿ ಅಪಾಯಕಾರಿ.

ಮನೆಯವರು ‘ಈ ವಯಸ್ಸಿಗೆ ನಿನಗೆ ಇದೆಲ್ಲ ಯಾಕೆ ಬೇಕಿತ್ತು’ ಎನ್ನುತ್ತಾರೆ. ಏನು ಉತ್ತರಿಸಲಿ?

ಈ ಮಾತು ಹೆಚ್ಚಾಗಿ ಕೇಳಬೇಕಾಗುವುದು ಹೆಂಗಸರು ಮತ್ತು ನಲವತ್ತು ದಾಟಿದವರು. ಹೇಳುವವರಲ್ಲಿ ಕಾಳಜಿಯೇ ಇರುತ್ತದೆ, ಆದರೆ ಕೇಳುವವರಿಗೆ ಪೆಟ್ಟಿನ ಜೊತೆ ತಪ್ಪಿತಸ್ಥ ಭಾವನೆಯೂ ಸೇರುತ್ತದೆ. ಮನೆಯವರಲ್ಲಿ ಒಬ್ಬರನ್ನಾದರೂ ಮುಂದಿನ ಬಾರಿ ವೈದ್ಯರ ಬಳಿಗೆ ಕರೆದುಕೊಂಡು ಹೋಗಿ, ವ್ಯಾಯಾಮ ಬಿಡಬೇಕಿಲ್ಲ, ರೀತಿ ಬದಲಿಸಬೇಕು ಎಂಬುದನ್ನು ವೈದ್ಯರ ಬಾಯಿಂದಲೇ ಹೇಳಿಸುವುದು ಫಲಕಾರಿ. (ಅಮ್ಮ ಹಚ್ಚುವ ನೋವಿನೆಣ್ಣೆ ಹರಿದ ಲಿಗಮೆಂಟನ್ನು ಕೂಡಿಸುವುದಿಲ್ಲ, ನಿಜ, ಹಾಗೆಂದು ಆ ಹತ್ತು ನಿಮಿಷದ ಆರೈಕೆಯನ್ನು ಬೇಡವೆನ್ನುವ ಅಗತ್ಯವೂ ಇಲ್ಲ. ಹೊಸ ಪೆಟ್ಟಿನ ಮೇಲೆ, ಊತವಿರುವಲ್ಲಿ, ಬಲವಾಗಿ ತಿಕ್ಕದಿದ್ದರೆ ಸಾಕು.)

ಮನೆಯವರಿಗೂ ಒಂದು ಮಾತು: ‘ಹೇಗಿದೆ ಕಾಲು?’ ಎಂದು ದಿನವೂ ಕೇಳುವುದರ ಜೊತೆಗೆ ‘ರಾತ್ರಿ ನಿದ್ದೆ ಬಂತೇ?’ ಎಂದೂ ಕೇಳಿ.

ನೋವು ಹೋಗಿದೆ, ಭಯ ಹೋಗಿಲ್ಲ. ಇದು ನನ್ನ ದೌರ್ಬಲ್ಯವೇ?

ಅಲ್ಲ. ಮತ್ತೆ ಪೆಟ್ಟಾದೀತೆಂಬ ಭಯದಿಂದ ಚಲನೆಯನ್ನೇ ತಪ್ಪಿಸುವ ಈ ಸ್ಥಿತಿಗೆ ಕೈನೀಸಿಯೋಫೋಬಿಯಾ ಎಂಬ ಹೆಸರಿದ್ದು, ಅಳೆಯುವ ಪ್ರಶ್ನಾವಳಿಗಳು 1990ರ ದಶಕದಿಂದಲೇ ಬಳಕೆಯಲ್ಲಿವೆ. ಅದರ ಗತಿ ಹೀಗಿರುತ್ತದೆ: ನೋವಾದೀತೆಂದು ಕಾಲನ್ನು ಬಳಸುವುದಿಲ್ಲ, ಬಳಸದ ಕಾಲು ಸೊರಗುತ್ತದೆ, ಸೊರಗಿದ ಕಾಲು ಸ್ವಲ್ಪ ನಡೆದರೂ ನೋಯುತ್ತದೆ, ಆ ನೋವು ಭಯವನ್ನು ನಿಜವೆಂದು ಸಾಧಿಸುತ್ತದೆ. ಎಸಿಎಲ್ ಶಸ್ತ್ರಚಿಕಿತ್ಸೆಯಾದವರನ್ನು ಕುರಿತ ಅಧ್ಯಯನಗಳನ್ನು ಒಟ್ಟುಗೂಡಿಸಿದ 2014ರ ವಿಶ್ಲೇಷಣೆಯೊಂದರ ಪ್ರಕಾರ ನೂರಕ್ಕೆ 81 ಜನ ಯಾವುದೋ ಒಂದು ಆಟಕ್ಕೆ ಮರಳಿದರೂ ಪೆಟ್ಟಿಗೆ ಮುಂಚಿನ ಮಟ್ಟ ಮುಟ್ಟಿದವರು 65 ಜನ ಮಾತ್ರ. ಹಿಂದುಳಿದವರಲ್ಲಿ ಎಲ್ಲರ ಮೊಣಕಾಲೂ ಕೆಟ್ಟಿರಲಿಲ್ಲ, ಅನೇಕರನ್ನು ತಡೆದದ್ದು ಭಯ. ಆದ್ದರಿಂದಲೇ ಈಗ ಮೊಣಕಾಲಿನ ಬಲದಂತೆ ಮಾನಸಿಕ ಸಿದ್ಧತೆಯನ್ನು ಅಳೆಯುವ ಪ್ರಶ್ನಾವಳಿಯೂ ಇದೆ. ಫಿಸಿಯೋಥೆರಪಿಸ್ಟರು ಅದನ್ನು ಬಳಸದಿದ್ದರೆ, ಬಳಸುವಂತೆ ಕೇಳುವುದರಲ್ಲಿ ತಪ್ಪಿಲ್ಲ.

ಭಯಕ್ಕೆ ಮದ್ದು ಧೈರ್ಯದ ಮಾತಲ್ಲ, ಅಳತೆ ಮಾಡಿದ ಅಭ್ಯಾಸ. ಜಿಗಿಯಲು ಹೆದರುವವರು ಮೊದಲು ಎರಡು ಕಾಲಿನಲ್ಲಿ ಒಂದು ಇಟ್ಟಿಗೆಯಷ್ಟು ಎತ್ತರದಿಂದ ಇಳಿಯುತ್ತಾರೆ, ಅದು ಬೇಸರ ತರುವಷ್ಟು ಸುಲಭವಾದ ಮೇಲೆ ಎತ್ತರ ಹೆಚ್ಚಿಸುತ್ತಾರೆ, ಆಮೇಲೆ ಒಂಟಿಕಾಲು, ಆಮೇಲೆ ದಿಕ್ಕು ಬದಲಿಸುವುದು.

ಕ್ರಿಕೆಟಿಗರು ಇಷ್ಟು ಬೇಗ ಮರಳುತ್ತಾರಲ್ಲ?

ಮರಳುತ್ತಾರೆ, ಆದರೆ ಅದನ್ನು ನಮ್ಮ ಅಳತೆಗೋಲಾಗಿ ಬಳಸುವಂತಿಲ್ಲ. ಮಂಗಳೂರಿನಲ್ಲಿ ಬೆಳೆದ ಕೆ.ಎಲ್. ರಾಹುಲ್ 2023ರ ಮೇ ತಿಂಗಳಲ್ಲಿ ಫೀಲ್ಡಿಂಗ್ ಮಾಡುವಾಗ ತೊಡೆಗೆ ಪೆಟ್ಟು ಮಾಡಿಕೊಂಡು ಶಸ್ತ್ರಚಿಕಿತ್ಸೆಗೆ ಒಳಗಾದರು; ಸೆಪ್ಟೆಂಬರಿನಲ್ಲಿ ಕೊಲಂಬೊದಲ್ಲಿ ಪಾಕಿಸ್ತಾನದ ವಿರುದ್ಧ ಔಟಾಗದೆ 111 ರನ್ ಗಳಿಸಿದರು. ಜನರ ನೆನಪಿನಲ್ಲಿ ಉಳಿದದ್ದು ಆ ಶತಕ. ನಡುವಿನ ತಿಂಗಳುಗಳಲ್ಲಿ ಬೆಂಗಳೂರಿನ ರಾಷ್ಟ್ರೀಯ ಕ್ರಿಕೆಟ್ ಅಕಾಡೆಮಿಯ ಫಿಸಿಯೋಗಳು ಮತ್ತು ತರಬೇತುದಾರರ ಇಡೀ ತಂಡ ಅವರೊಂದಿಗಿತ್ತು, ದಿನದ ಕೆಲಸವೇ ಅದಾಗಿತ್ತು. ಬೆಂಗಳೂರಿನವರೇ ಆದ ವೇಗದ ಬೌಲರ್ ಪ್ರಸಿದ್ಧ್ ಕೃಷ್ಣ ಅವರಿಗೆ ಬೆನ್ನಿನ ಸ್ಟ್ರೆಸ್ ಫ್ರಾಕ್ಚರ್‌ನಿಂದ ಚೇತರಿಸಿಕೊಂಡು 2023ರ ಆಗಸ್ಟಿನಲ್ಲಿ ಭಾರತ ತಂಡಕ್ಕೆ ಮರಳಲು ಸುಮಾರು ಒಂದು ವರ್ಷವೇ ಹಿಡಿಯಿತು. ಕಚೇರಿ, ಮನೆ, ಮಕ್ಕಳ ಶಾಲೆಯ ನಡುವೆ ವಾರಕ್ಕೆ ಎರಡು ದಿನ ಫಿಸಿಯೋಥೆರಪಿಗೆ ಹೋಗುವವರು ತಮಗೆ ಹೆಚ್ಚು ಕಾಲ ಹಿಡಿಯಿತೆಂದು ನಾಚಬೇಕಿಲ್ಲ.

ನೋವಿದ್ದರೂ ವ್ಯಾಯಾಮ ನಿಲ್ಲಿಸಲು ಆಗುತ್ತಿಲ್ಲ. ಇದು ಶಿಸ್ತೋ, ಚಟವೋ?

ವ್ಯಾಯಾಮದ ಚಟವನ್ನು ರೋಗನಿರ್ಣಯದ ಮುಖ್ಯ ಕೈಪಿಡಿಗಳು ಪ್ರತ್ಯೇಕ ಕಾಯಿಲೆಯಾಗಿ ಇನ್ನೂ ಪಟ್ಟಿಮಾಡಿಲ್ಲ. ಆದರೆ ಲಕ್ಷಣಗಳು ಚಟದವೇ ಆಗಿರಬಹುದು. ವೈದ್ಯರಿಗೆ ಸುಳ್ಳು ಹೇಳುವುದು, ನೋವಿನ ಮಾತ್ರೆ ನುಂಗಿ ಜಿಮ್ಮಿಗೆ ಹೋಗುವುದು, ಒಂದು ದಿನ ತಪ್ಪಿದರೆ ಊಟ ಬಿಡುವುದು, ಮದುವೆ ಮುಂಜಿಗಳಿಗೂ ಹೋಗದೆ ವ್ಯಾಯಾಮಕ್ಕೆ ಹೋಗುವುದು ಇದ್ದರೆ ಅದನ್ನು ಶಿಸ್ತೆಂದು ಹೊಗಳಬಾರದು. ಇಂಥವರಲ್ಲಿ ಕೆಲವರಿಗೆ ತೂಕ ಮತ್ತು ಆಹಾರದ ಬಗೆಗಿನ ಭಯವೇ ಮೂಲವಾಗಿರುತ್ತದೆ, ಆದ್ದರಿಂದ ಮನೋವೈದ್ಯರು ಅಥವಾ ಕ್ಲಿನಿಕಲ್ ಸೈಕಾಲಜಿಸ್ಟರ ನೆರವು ಬೇಕು. ಮೈಕಟ್ಟಿಗಾಗಿ ಅನಾಬಾಲಿಕ್ ಸ್ಟೀರಾಯ್ಡ್ ತೆಗೆದುಕೊಳ್ಳುತ್ತಿದ್ದವರು ಪೆಟ್ಟಾಯಿತೆಂದು ಅದನ್ನು ಒಮ್ಮೆಲೇ ನಿಲ್ಲಿಸಿದರೆ ತೀವ್ರ ಖಿನ್ನತೆ ಬರಬಹುದು. ವೈದ್ಯರ ಮುಂದೆ ಇದನ್ನು ಮುಚ್ಚಿಡಬಾರದು.

ಮೂಳೆ ಬಿರುಕಿನ ಬಗ್ಗೆ ಹೇಳಿದರೆ ವೈದ್ಯರು ಮುಟ್ಟಿನ ಬಗ್ಗೆ ಏಕೆ ಕೇಳಿದರು?

ಸರಿಯಾದ ಪ್ರಶ್ನೆಯನ್ನೇ ಕೇಳಿದ್ದಾರೆ. ಖರ್ಚು ಮಾಡುವ ಶಕ್ತಿಗೆ ತಕ್ಕಷ್ಟು ತಿನ್ನದಿದ್ದಾಗ ದೇಹ ಒಂದೊಂದೇ ಕೆಲಸವನ್ನು ಕಡಿತಗೊಳಿಸುತ್ತದೆ. ಮುಟ್ಟು ತಪ್ಪುತ್ತದೆ, ಮೂಳೆಯ ಸಾಂದ್ರತೆ ಇಳಿಯುತ್ತದೆ, ಮನಸ್ಸು ಮಂಕಾಗುತ್ತದೆ. ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ 2014ರಲ್ಲಿ ಇದಕ್ಕೆ ರೆಡ್-ಎಸ್ ಎಂದು ಹೆಸರಿಟ್ಟು, 2023ರಲ್ಲಿ ತನ್ನ ಹೇಳಿಕೆಯನ್ನು ಪರಿಷ್ಕರಿಸಿತು. ಗಂಡಸರಿಗೂ ಇದು ಬರುತ್ತದೆ, ಆದರೆ ಮುಟ್ಟಿನಂಥ ಎಚ್ಚರಿಕೆಯ ಗಂಟೆ ಅವರಿಗಿಲ್ಲ. ಇಲ್ಲಿ ಖಿನ್ನತೆ, ಪೆಟ್ಟು ಎರಡಕ್ಕೂ ಮೂಲ ಒಂದೇ ಆದ್ದರಿಂದ ಮೊದಲ ಚಿಕಿತ್ಸೆ ಊಟ. ವಿಟಮಿನ್ ಡಿ ಕೊರತೆ ನಮ್ಮಲ್ಲಿ ವ್ಯಾಪಕವಾಗಿರುವುದರಿಂದ ಅದರ ಪರೀಕ್ಷೆಯನ್ನೂ ವೈದ್ಯರು ಹೇಳಬಹುದು.

ಮನಸ್ಸಿನ ಒತ್ತಡದಿಂದಲೇ ಪೆಟ್ಟಾಗುತ್ತದೆಯೇ?

ಆಗುವ ಸಾಧ್ಯತೆ ಹೆಚ್ಚುತ್ತದೆ. ಒತ್ತಡದಲ್ಲಿ ಸ್ನಾಯುಗಳು ಬಿಗಿಯಾಗಿರುತ್ತವೆ, ನೋಟದ ವ್ಯಾಪ್ತಿ ಕುಗ್ಗುತ್ತದೆ, ಗಮನ ಬೇರೆಡೆ ಇರುತ್ತದೆ ಎಂಬ ವಿವರಣೆಯನ್ನು ಆಂಡರ್ಸನ್ ಮತ್ತು ವಿಲಿಯಮ್ಸ್ ಎಂಬ ಸಂಶೋಧಕರು 1988ರಲ್ಲಿಯೇ ಮುಂದಿಟ್ಟರು. ಕೆಲಸದ ಡೆಡ್‌ಲೈನ್, ಮನೆಯಲ್ಲಿ ಸಾವು, ಪರೀಕ್ಷೆ ಇವುಗಳ ವಾರದಲ್ಲಿ ವ್ಯಾಯಾಮ ಬಿಡಬೇಕಿಲ್ಲ. ಭಾರವನ್ನು, ವೇಗವನ್ನು ಹೆಚ್ಚಿಸುವ ಯೋಜನೆಯನ್ನು ಮಾತ್ರ ಮುಂದೂಡಿದರೆ ಸಾಕು.

ಕಾಲು ಅಲುಗಿಸಲಾಗದ ವಾರಗಳಲ್ಲಿ ಏನು ಮಾಡಬಹುದು?

ಅನೇಕರು ಊಹಿಸುವುದಕ್ಕಿಂತ ಹೆಚ್ಚು. ಒಂದು ಕಾಲಿಗೆ ಪೆಟ್ಟಾದಾಗ ಇನ್ನೊಂದು ಕಾಲಿಗೆ ಕೊಡುವ ಬಲವರ್ಧನೆಯ ವ್ಯಾಯಾಮದಿಂದ ಪೆಟ್ಟಾದ ಕಾಲಿನ ಬಲವೂ ಒಂದಿಷ್ಟು ಉಳಿಯುತ್ತದೆ. ನರಮಂಡಲದ ಈ ಗುಣವನ್ನು 1894ರಲ್ಲಿಯೇ ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ಗುರುತಿಸಲಾಗಿತ್ತು. ಕಲ್ಪನೆಗೂ ಬಲವಿದೆ. ಅಮೆರಿಕದ ಒಹಾಯೊದಲ್ಲಿ ನಡೆದ, 2014ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಮುಂಗೈಗೆ ನಾಲ್ಕು ವಾರ ಪ್ಲಾಸ್ಟರ್ ಹಾಕಿಸಿಕೊಂಡವರು, ಅಲುಗಿಸದೆಯೇ ಕೈಯನ್ನು ಬಲವಾಗಿ ಬಾಗಿಸುತ್ತಿರುವಂತೆ ವಾರಕ್ಕೆ ಐದು ದಿನ ಕಲ್ಪಿಸಿಕೊಂಡಾಗ ಅವರಲ್ಲಿ ಬಲದ ನಷ್ಟ ಉಳಿದವರ ನಷ್ಟದ ಅರ್ಧದಷ್ಟಿತ್ತು. ಇವುಗಳ ಶಾರೀರಿಕ ಲಾಭ ಎಷ್ಟೇ ಇರಲಿ, ಬೆಳಿಗ್ಗೆ ಎದ್ದ ಕೂಡಲೇ ‘ಇಂದು ನನ್ನ ಕೆಲಸ ಇದು’ ಎನ್ನಲು ಏನೋ ಒಂದಿದೆ ಎಂಬುದು ಮನಸ್ಸಿಗೆ ಆಗುವ ಲಾಭ.

ವ್ಯಾಯಾಮದ ಸಮಯವನ್ನು ಖಾಲಿ ಬಿಡಬಾರದು. ಆ ಹೊತ್ತಿಗೆ ಎದ್ದು ಮೈದಾನಕ್ಕೆ ಹೋಗಿ ಗೆಳೆಯರ ಸಮಯ ಬರೆದುಕೊಳ್ಳುವುದು, ನೀರು ಹಂಚುವುದು, ಓಟದ ದಿನ ಸ್ವಯಂಸೇವಕರಾಗುವುದು ಕೆಲವರಿಗೆ ಹಿತ. ಇನ್ನು ಕೆಲವರಿಗೆ ಇತರರು ಓಡುವುದನ್ನು ನೋಡುವುದೇ ಹಿಂಸೆ; ಅಂಥವರು ವಾಟ್ಸಾಪ್ ಗುಂಪನ್ನು ಸ್ವಲ್ಪ ಕಾಲ ಮ್ಯೂಟ್ ಮಾಡಿ, ಓಟದ ಲೆಕ್ಕವಿಡುವ ಆ್ಯಪ್ ತೆಗೆದುಹಾಕಿದರೆ ಅದು ಹೊಟ್ಟೆಕಿಚ್ಚಲ್ಲ.

ಯೋಗ, ಪ್ರಾಣಾಯಾಮದಿಂದ ಪ್ರಯೋಜನವಿದೆಯೇ?

ನಿಧಾನ ಉಸಿರಾಟ ಮತ್ತು ಶವಾಸನದಿಂದ ನಿದ್ದೆ, ಆತಂಕಗಳಿಗೆ ಅನುಕೂಲವಾಗುತ್ತದೆ. ಆದರೆ ಯೋಗದಲ್ಲಿಯೂ ಪೆಟ್ಟಾಗುತ್ತದೆ. ಪಶ್ಚಿಮೋತ್ತಾನಾಸನದಲ್ಲಿ ಹಟದಿಂದ ಬಗ್ಗಿ ತೊಡೆಯ ಹಿಂಭಾಗದ ಸ್ನಾಯು ಮೂಳೆಗೆ ಅಂಟುವಲ್ಲಿ ತಿಂಗಳುಗಟ್ಟಲೆ ನೋವು ತಂದುಕೊಂಡವರಿದ್ದಾರೆ. ಯೋಗದಿಂದ ನೋವಾಯಿತೆಂದು ಹೇಳಿಕೊಳ್ಳಲು ನಮ್ಮಲ್ಲಿ ಸಂಕೋಚವಿರುವುದರಿಂದ ಇಂಥವರು ತಡವಾಗಿ ವೈದ್ಯರ ಬಳಿ ಬರುತ್ತಾರೆ.

ನೋವಿನ ಮಾತ್ರೆ ಮತ್ತು ಖಿನ್ನತೆಯ ಮಾತ್ರೆ ಒಟ್ಟಿಗೆ ತೆಗೆದುಕೊಳ್ಳಬಹುದೇ?

ವೈದ್ಯರಿಗೆ ತಿಳಿಸದೆ ತೆಗೆದುಕೊಳ್ಳಬಾರದು. ಖಿನ್ನತೆಗೆ ಸಾಮಾನ್ಯವಾಗಿ ಕೊಡುವ ಎಸ್ಸಿಟಾಲೊಪ್ರಾಮ್, ಸರ್ಟ್ರಾಲಿನ್‌ನಂಥ ಮಾತ್ರೆಗಳ ಜೊತೆ ಐಬುಪ್ರೊಫೆನ್ ಅಥವಾ ಡೈಕ್ಲೊಫೆನಾಕ್ ಸೇರಿದರೆ ಜಠರದಲ್ಲಿ ರಕ್ತಸ್ರಾವದ ಅಪಾಯ ಹೆಚ್ಚುತ್ತದೆ; ಟ್ರಮಡಾಲ್ ಎಂಬ ನೋವಿನ ಮಾತ್ರೆ ಸೇರಿದರೆ ಸಿರೊಟೊನಿನ್ ಎಂಬ ಮಿದುಳಿನ ರಾಸಾಯನಿಕ ಅತಿಯಾಗಿ ನಡುಕ, ಜ್ವರ, ಗೊಂದಲ ಬರಬಹುದು. ಮೂಳೆ ತಜ್ಞರಿಗೆ ಮನೋವೈದ್ಯರ ಚೀಟಿಯನ್ನು ತೋರಿಸಲು ನಾಚಿ ಮುಚ್ಚಿಡುವುದೇ ಇಲ್ಲಿನ ನಿಜವಾದ ಅಪಾಯ. ಡ್ಯುಲೊಕ್ಸೆಟಿನ್‌ನಂಥ ಔಷಧ ದೀರ್ಘಕಾಲದ ನೋವು, ಖಿನ್ನತೆ ಎರಡಕ್ಕೂ ಬಳಕೆಯಲ್ಲಿದೆ, ಆದ್ದರಿಂದ ಇಬ್ಬರು ವೈದ್ಯರಿಗೂ ಎಲ್ಲವೂ ತಿಳಿದಿದ್ದರೆ ಮಾತ್ರೆಗಳ ಸಂಖ್ಯೆ ಕಡಿಮೆಯಾಗಲೂಬಹುದು. ಮೆಡಿಕಲ್ ಅಂಗಡಿಯಲ್ಲಿ ಹಳೆಯ ಚೀಟಿ ತೋರಿಸಿ ಮಾತ್ರೆ ತರಬೇಡಿ.

ಯಾರ ಬಳಿ ಹೋಗಬೇಕು?

ಮೊದಲು ಪೆಟ್ಟನ್ನು ನೋಡುತ್ತಿರುವ ವೈದ್ಯರಿಗೇ ನಿದ್ದೆ ಮತ್ತು ಮನಸ್ಥಿತಿಯ ಬಗ್ಗೆ ಹೇಳಬೇಕು. ಅವರು ಕೇಳುವುದಿಲ್ಲ, ನಾವೇ ಹೇಳಬೇಕಾಗುತ್ತದೆ. ಫಿಸಿಯೋಥೆರಪಿಸ್ಟರು ವಾರಕ್ಕೆರಡು ಬಾರಿ ಅರ್ಧ ಗಂಟೆ ಜೊತೆಗಿರುವುದರಿಂದ ಬದಲಾವಣೆಯನ್ನು ಮೊದಲು ಗುರುತಿಸುವವರು ಅನೇಕ ಸಲ ಅವರೇ. ಬೆಂಗಳೂರಿನಲ್ಲಿ ನಿಮ್ಹಾನ್ಸ್ ಆಸ್ಪತ್ರೆಯಲ್ಲದೆ, ಆಸ್ಪತ್ರೆಗೆ ಹೋಗಲು ಹಿಂಜರಿಯುವವರಿಗೆಂದು ಬಿಟಿಎಂ ಬಡಾವಣೆಯಲ್ಲಿ ನಿಮ್ಹಾನ್ಸ್ ಸ್ವಾಸ್ಥ್ಯ ಕೇಂದ್ರವೂ ಇದೆ. ಉಳಿದೆಡೆ ಜಿಲ್ಲಾ ಆಸ್ಪತ್ರೆಯ ಮನೋವೈದ್ಯಕೀಯ ವಿಭಾಗದಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದಡಿ ಚಿಕಿತ್ಸೆ ಸಿಗುತ್ತದೆ. ದೇಶಕ್ಕೆಲ್ಲ ಹರಡಿದ ಆ ಕಾರ್ಯಕ್ರಮದ ಮೂಲ ಮಾದರಿ ರೂಪುಗೊಂಡದ್ದು 1980ರ ದಶಕದಲ್ಲಿ ನಮ್ಮ ಬಳ್ಳಾರಿಯಲ್ಲಿಯೇ. ದೂರದ ಊರಿನಲ್ಲಿರುವವರು 14416ಕ್ಕೆ ಕರೆ ಮಾಡಿ ಎಲ್ಲಿಗೆ ಹೋಗಬೇಕೆಂದು ಕೇಳಬಹುದು.

ಇದಕ್ಕೆ ವಿಮೆ ಸಿಗುತ್ತದೆಯೇ?

ದೈಹಿಕ ಕಾಯಿಲೆಗಳಿಗೆ ಕೊಡುವಂತೆಯೇ ಮಾನಸಿಕ ಕಾಯಿಲೆಗಳ ಚಿಕಿತ್ಸೆಗೂ ವಿಮಾ ಸೌಲಭ್ಯ ಕೊಡಬೇಕೆಂದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆ ವಿಮಾ ಕಂಪನಿಗಳಿಗೆ ವಿಧಿಸುತ್ತದೆ. ಆದರೆ ಬಹುತೇಕ ಪಾಲಿಸಿಗಳು ಆಸ್ಪತ್ರೆಗೆ ದಾಖಲಾದಾಗಿನ ಖರ್ಚನ್ನು ಮಾತ್ರ ಭರಿಸುವುದರಿಂದ ಆಪ್ತಸಮಾಲೋಚನೆ ಮತ್ತು ಹೊರರೋಗಿ ಫಿಸಿಯೋಥೆರಪಿಯ ಶುಲ್ಕ ಸಾಮಾನ್ಯವಾಗಿ ಕೈಯಿಂದಲೇ ಹೋಗುತ್ತದೆ. ಕಚೇರಿಯ ಗುಂಪು ವಿಮೆಯಲ್ಲಿ ಹೊರರೋಗಿ ಸೌಲಭ್ಯವಿದೆಯೇ, ಉದ್ಯೋಗಿಗಳಿಗೆ ಉಚಿತ ಸಮಾಲೋಚನೆಯ ವ್ಯವಸ್ಥೆ ಇದೆಯೇ ಎಂದು ಎಚ್.ಆರ್. ವಿಭಾಗದಲ್ಲಿ ವಿಚಾರಿಸಿ, ಬಿಲ್ಲುಗಳನ್ನೂ ವೈದ್ಯರು ಫಿಸಿಯೋಥೆರಪಿಗೆ ಬರೆದುಕೊಟ್ಟ ಚೀಟಿಯನ್ನೂ ಮೊದಲ ದಿನದಿಂದಲೇ ಇಟ್ಟುಕೊಳ್ಳಿ.